ಉಳುಕಲ್ಲದ ನೋವು

ಜಯನಗರ
೪ ಜೂನ್ ೧೯೬೨, ಸೋಮವಾರ

ಬೆಳಿಗ್ಗೆ ಅಡುಗೆಮನೆಯಲ್ಲಿ ಸೌಟು ಕೆಳಗೆ ಬಿತ್ತು. ಅಮ್ಮ ಬಗ್ಗಲಿಲ್ಲ. ಕಾಲ್ಬೆರಳುಗಳ ನಡುವೆ ಅದನ್ನು ಸಿಕ್ಕಿಸಿ, ಮಂಡಿಯ ಮಟ್ಟಕ್ಕೆ ಎತ್ತಿ, ಕೈಗೆ ತೆಗೆದುಕೊಂಡಳು. ನಾವು ಸೌಟನ್ನು ದಾಟಿದರೇ ಬೈಯುವ ಅಮ್ಮ! ನಾನು ಹಿತ್ತಿಲ ಬಾಗಿಲಲ್ಲಿ ನಿಂತಿದ್ದು ಅವಳಿಗೆ ಕಾಣಲಿಲ್ಲ. ಅತ್ತಿತ್ತ ನೋಡಿ, ಸೌಟನ್ನು ಎರಡು ಸಲ ತೊಳೆದು, ಗೂಟಕ್ಕೆ ಸಿಕ್ಕಿಸಿದಳು.

ಯಾಕಮ್ಮ ಅಂತ ಕೇಳಬೇಕೆಂದುಕೊಂಡೆ. ಕೇಳಲಿಲ್ಲ. ಬಾಯಲ್ಲಿ ಆಡಲಾಗದ್ದನ್ನು ಬರೆದಾದರೂ ಇಡೋಣ ಅಂತಲೇ ಬಿ.ಎ. ಪರೀಕ್ಷೆ ಮುಗಿದ ಮೇಲೆ ಈ ದಿನಚರಿ ಶುರು ಮಾಡಿದ್ದು. ಅಷ್ಟು ವರ್ಷ ಕನ್ನಡ ಸಾಹಿತ್ಯ ಓದಿ, ತರಗತಿಯಲ್ಲಿ ಒಂದೇ ಒಂದು ಪ್ರಶ್ನೆಯನ್ನೂ ಎದ್ದು ನಿಂತು ಕೇಳದವಳು ಬಹುಶಃ ನಾನೊಬ್ಬಳೇ.

ಸಂಜೆ ಚಕ್ರಪಾಣಿ ಮಾಮ, ಅಮ್ಮನ ತಮ್ಮ, ಬಂದಿದ್ದರು. ಮಲ್ಲೇಶ್ವರದವರು ನನ್ನನ್ನು ನೋಡಲು ಆಷಾಢ ಹುಟ್ಟುವುದರೊಳಗೆ, ಇಪ್ಪತ್ನಾಲ್ಕನೇ ತಾರೀಖು ಭಾನುವಾರ ಬರುತ್ತಾರಂತೆ. ಹುಡುಗನಿಗೆ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಫೋಟೊ ತೋರಿಸಿದರು. ಕಿವಿ ಸ್ವಲ್ಪ ಅಗಲ. ಯಾರೋ ಪಕ್ಕದಲ್ಲಿ ತಮಾಷೆ ಮಾಡುತ್ತಿದ್ದಾಗ ನಗು ತಡೆದುಕೊಂಡು ತೆಗೆಸಿಕೊಂಡ ಹಾಗಿದೆ. ಬೇಡ ಅನ್ನಿಸಲಿಲ್ಲ. ಇದನ್ನು ಇಲ್ಲಿ ಮಾತ್ರ ಬರೆಯಬಹುದು.

೬ ಜೂನ್, ಬುಧವಾರ

ಹೊಸಕೆರೆಹಳ್ಳಿಯ ತಿಮ್ಮರಾಯಪ್ಪ ಗಾಡಿ ಕಟ್ಟಿಸಿಕೊಂಡು ಬಂದಿದ್ದರು. ವರ್ಷವರ್ಷವೂ ನಮಗೆ ರಾಗಿ, ಅವರೆಕಾಯಿ ಕೊಡುವವರು ಅವರೇ. ಇವತ್ತು ಬಂದದ್ದು ಮಾತ್ರ ನನ್ನ ಕಾಲಿಗಾಗಿ.

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಕಾಲಿನಿಂದ ಮುಟ್ಟಿದರೆ ಸೊಂಟದ ಉಳುಕು ಬಿಡುತ್ತದೆ ಅಂತ ನಮ್ಮ ಕಡೆ ನಂಬಿಕೆ. ನಾನು ನಡೆಯಲು ಕಲಿತಾಗಿನಿಂದ ಜನ ಬರುತ್ತಲೇ ಇದ್ದಾರೆ. ಬಂದವರು ಗೋಡೆಗೆ ಮುಖ ಮಾಡಿ ಕೂರುತ್ತಾರೆ. ನಾನು ಎಡಗಾಲಿನಿಂದ ಮೂರು ಸಲ ಅವರ ಸೊಂಟ ಮುಟ್ಟುತ್ತೇನೆ. ಆಮೇಲೆ, ದೊಡ್ಡವರನ್ನು ಕಾಲಲ್ಲಿ ಮುಟ್ಟಿದ್ದಕ್ಕೆ ಅವರಿಗೇ ನಮಸ್ಕಾರ ಮಾಡುತ್ತೇನೆ. ಪ್ರತಿ ಸಲವೂ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ.

"ಅಯ್ಯಯ್ಯೋ, ಮೆತ್ತಗೆ ತಾಯಿ, ಮೆತ್ತಗೆ!" ಅಂದರು ತಿಮ್ಮರಾಯಪ್ಪ.

"ನಾನಿನ್ನೂ ಮುಟ್ಟೇ ಇಲ್ಲ."

ಜಗಲಿಯ ಮೇಲೆ ಕೂತಿದ್ದ ಅವರ ಹೆಂಡತಿ ಲಕ್ಷ್ಮಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. "ಮೂಟೆ ಎತ್ತಕ್ ಹೋಗಿ ಸ್ವಾಂಟ ಹಿಡ್ಕತು ಅಂತ ಮೂರ್ ದಿನದಿಂದ ಕೂಗಾಡ್ತಾವ್ರೆ. ಆ ಮೂಟೆ ಇನ್ನೊಂದು ತುದಿ ಎತ್ತಿದ್ದು ಯಾರು ಕೇಳವ್ವ. ನಂಗೇನ್ ಯಾರೂ ಗಾಡಿ ಕಟ್ನಿಲ್ಲ."

"ನಿಮಗೂ ನೋವಿದೆಯಾ?"

"ಇದ್ದೇ ಅದೆ. ಯಾವಾಗ ಇರ್ನಿಲ್ಲ?"

"ಹಾಗಾದ್ರೆ ಬನ್ನಿ, ನಿಮಗೂ ಮುಟ್ಟಿಸ್ತೀನಿ."

ಅವರು ತಬ್ಬಿಬ್ಬಾದರು. "ಅಯ್, ನಂದು ಉಳುಕಲ್ವಲ್ಲ ತಾಯಿ. ಬರೀ ಸ್ವಾಂಟ ನೋವು. ಹೆಣ್ಣೆಂಗ್ಸಿಗೆ ಇರಾದೇಯ."

ಗಾಡಿ ಹೋದ ಮೇಲೆ, ಇಷ್ಟು ವರ್ಷ ನನ್ನ ಕಾಲಿನ ಮುಂದೆ ಕೂತವರನ್ನೆಲ್ಲ ನೆನಪಿಸಿಕೊಂಡೆ. ಅಂಗಡಿ ಗುಂಡಣ್ಣ, ಟಪಾಲಿನವರು, ಅಪ್ಪನ ಆಫೀಸಿನ ಹೆಡ್ ಕ್ಲಾರ್ಕು, ಶ್ರೀನಗರದ ಗಾರೆ ಕೆಲಸದವರು. ಒಬ್ಬ ಹೆಂಗಸೂ ಇಲ್ಲ. ಉಳುಕು ಅಂದರೆ ಒಂದು ದಿನ, ಒಂದು ಗಳಿಗೆಯಲ್ಲಿ ಆದದ್ದು. ಅದಕ್ಕೆ ಕಾರಣ ಇದೆ, ಮದ್ದು ಇದೆ, ಬಂದು ನೋಡಿಕೊಂಡು ಹೋಗುವ ಜನ ಇದ್ದಾರೆ. ಸೊಂಟ ನೋವಿಗೆ ಇದ್ಯಾವುದೂ ಇಲ್ಲ. ಒಂದೇ ಜಾಗಕ್ಕೆ ಗಂಡಸಿಗೊಂದು ಮಾತು, ಹೆಂಗಸಿಗೊಂದು ಮಾತು.

ಅವರಿಬ್ಬರಿಗೂ ಅಮ್ಮ ಕಾಫಿ ತಂದುಕೊಟ್ಟಿದ್ದಳು. ಒಂದು ಕೈಯಲ್ಲಿ ತಟ್ಟೆ. ಇನ್ನೊಂದು ಕೈ ಸೊಂಟದ ಮೇಲೆ.

೮ ಜೂನ್, ಶುಕ್ರವಾರ

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ ಅಮ್ಮ ಏಳಲಾರದೆ ಹೋದಳು. ನಾನು ಓಡಿ ಹೋಗಿ ಕೈ ಹಿಡಿದೆ.

"ಏನಿಲ್ಲ, ಎಡಗಾಲು ಜೋಮು ಹಿಡಿದಿದೆ ಅಷ್ಟೆ. ನಿಮ್ಮಪ್ಪಂಗೆ ಹೇಳ್ಬೇಡ."

"ಯಾವಾಗಿಂದ ಹೀಗೆ?"

"ಜೋಮು ಯುಗಾದಿಯಿಂದ ಈಚೆಗೆ. ನೋವು ಅಂದ್ರೆ..." ಅಮ್ಮ ನಕ್ಕಳು. "ನಿನಗೆಷ್ಟು ವಯಸ್ಸೋ ಅದಕ್ಕೂ ಅಷ್ಟೇ. ಕಾಲು ಮುಂದೆ ಚಾಚ್ಕೊಂಡು ಬಂದ್ಯಲ್ಲ ಮಹಾರಾಣಿ, ಸೂಲಗಿತ್ತಿ ಕೈಲಿ ಸಾಕೋಸಾಕಾಯ್ತು. ಆವತ್ತು ಹೋದ ಸೊಂಟ."

ನಾನು ಒದ್ದೆ ಬಟ್ಟೆ ಹಿಡಿದುಕೊಂಡು ಹಾಗೇ ನಿಂತೆ. ಊರವರ ಸೊಂಟಕ್ಕೆಲ್ಲ ನನ್ನ ಕಾಲು ಮದ್ದು. ಅದೇ ಕಾಲಿನಿಂದ ಸೊಂಟ ಕಳೆದುಕೊಂಡವಳು, ಬಂದವರಿಗೆಲ್ಲ ಒಳಗೆ ಕೂತು ಕಾಫಿ ಕಾಸುತ್ತಿದ್ದಳು.

"ನನಗೂ ಮುಟ್ಟಿಸು ಅಂತ ಒಂದು ಸಲಾನೂ ಯಾಕಮ್ಮ ಕೇಳ್ಲಿಲ್ಲ?"

"ಇದು ಉಳುಕಲ್ವಲ್ಲೇ."

ಲಕ್ಷ್ಮಮ್ಮನವರ ಮಾತೇ, ಚೂರೂ ವ್ಯತ್ಯಾಸವಿಲ್ಲ. ಇಬ್ಬರೂ ಮಾತಾಡಿಕೊಂಡಿರಲಾರರು.

ಬಟ್ಟೆ ಹರವುವಾಗ ಅಮ್ಮ ನನ್ನ ಕಡೆ ನೋಡದೆ ಅಂದಳು: "ಅಕ್ಕಂಗೂ ಹೀಗೇ ಜೋಮಿನಿಂದ ಶುರುವಾಗಿದ್ದು."

ದೊಡ್ಡಮ್ಮನನ್ನು ನಾನು ಕಂಡವಳಲ್ಲ. ಬೆನ್ನುಮೂಳೆಯ ಕ್ಷಯ. ಎರಡು ವರ್ಷ ಮಲಗಿದಲ್ಲೇ ಇದ್ದು ಹೋದರಂತೆ. ಅಮ್ಮ ಅದೇ ದಾರಿ ಹಿಡಿದಿದ್ದಾಳೆಯೇ? ಆಗಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ.

೧೦ ಜೂನ್, ಭಾನುವಾರ

ಮುಚ್ಚಿಡುವುದಕ್ಕೆ ಆಗಲಿಲ್ಲ. ಚಕ್ರಪಾಣಿ ಮಾಮ ಊಟಕ್ಕೆ ಬಂದಿದ್ದರು. ಸಾರು ಬಡಿಸಲು ಬಗ್ಗಿದ ಅಮ್ಮ ಬಗ್ಗಿದ ಹಾಗೇ ನಿಂತುಬಿಟ್ಟಳು. ನಾನು ಹಿಡಿದುಕೊಂಡು ಹೋಗಿ ಚಾಪೆಯ ಮೇಲೆ ಮಲಗಿಸಿದೆ. ಕಾಲಿನ ಜೋಮಿನ ವಿಷಯವೂ ಹೊರಗೆ ಬಂತು.

ಅಪ್ಪನಿಗೆ ಗಾಬರಿಯಾದರೆ ಮೊದಲು ಬರುವುದು ಸಿಟ್ಟು. "ನಿಮ್ಮನೇಲಿ ಬಾಣಂತನ ನೆಟ್ಟಗೆ ಮಾಡಿದ್ರೆ ಇವಳಿಗೆ ಈ ಗತಿ ಬರ್ತಿತ್ತೇನಯ್ಯ ಚಕ್ರಪಾಣಿ? ಐದು ತಿಂಗಳು ಅಂತ ಕಳಿಸಿದ್ದೆ."

"ಕಳಿಸಿದ್ರಿ ಭಾವ. ಆಮೇಲೆ ಹೋಟೆಲ್ ಊಟ ಹೊಟ್ಟೆಗೆ ಒಗ್ಗಲ್ಲ ಅಂತ, ಕೂಸಿಗೆ ಕತ್ತು ನಿಲ್ಲೋ ಮುಂಚೆ ಬಂದು ಕರ್ಕೊಂಡು ಹೋದೋರು ಯಾರು?"

ಅಪ್ಪ ಅನ್ನ ಕಲಸುತ್ತಾ ಕೂತರು. ಕಲಸುವುದು ಮುಗಿದಿತ್ತು, ಆದರೂ ಕಲಸುತ್ತಿದ್ದರು.

ಊಟವಾದ ಮೇಲೆ ಹಜಾರದಲ್ಲಿ ಇಬ್ಬರೂ ದನಿ ತಗ್ಗಿಸಿದರು. ತಗ್ಗಿಸಿದ ದನಿ ಈ ಮನೆಯಲ್ಲಿ ಇನ್ನೂ ಚೆನ್ನಾಗಿ ಕೇಳುತ್ತದೆ. "ಈಗ ಎಕ್ಸ್‌ರೇ ಗಿಕ್ಸ್‌ರೇ ಅಂತ ಓಡಾಡಿದ್ರೆ ಮಲ್ಲೇಶ್ವರಕ್ಕೆ ಸುದ್ದಿ ಮುಟ್ಟದೆ ಇರುತ್ತಾ? ತಾಯಿ ಕಡೆ ಕ್ಷಯ ಅಂದ್ರೆ ಮುಗೀತು, ಹುಡುಗೀನ ಯಾರು ತಗೋತಾರೆ? ಇಪ್ಪತ್ನಾಲ್ಕು ಕಳೀಲಿ. ತಾಂಬೂಲ ಬದಲಾಯಿಸ್ಕೊಂಡ ಮೇಲೆ ತೋರಿಸಿದ್ರಾಯ್ತು" ಅಂದರು ಅಪ್ಪ.

ಮಾಮ ಏನೋ ಹೇಳಲು ಹೋದರು. ಅಷ್ಟರಲ್ಲಿ ಚಾಪೆಯ ಮೇಲಿಂದ ಅಮ್ಮನೇ ಕೂಗಿದಳು. "ಅವರು ಹೇಳೋದು ಸರಿ ಕಣೋ. ಇಷ್ಟು ವರ್ಷ ತಡ್ಕೊಂಡಿದ್ದೀನಿ."

ಹೋದ ವರ್ಷ ಅಪ್ಪನಿಗೆ ಸೊಂಟ ಉಳುಕಿತ್ತು. ಬಕೆಟ್ಟು ಎತ್ತಲು ಹೋಗಿ ಆದದ್ದು. ಒಂದು ವಾರ ರಜ ಹಾಕಿ ಮಲಗಿದರು. ಅಮ್ಮ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಟ್ಟಳು, ಎಣ್ಣೆ ತಿಕ್ಕಿದಳು, ನೋಡಲು ಬಂದವರಿಗೆಲ್ಲ ಉಪ್ಪಿಟ್ಟು ಮಾಡಿದಳು. ನಾನೂ ಕಾಲು ಮುಟ್ಟಿಸಿದೆ. ಆಗ ಯಾರೂ ಯಾವ ತಾರೀಖು ಕಳೆಯಲಿ ಅಂತಲೂ ಕಾಯಲಿಲ್ಲ.

ಇದನ್ನೆಲ್ಲ ಹಜಾರಕ್ಕೆ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಮದುವೆಗಾಗಿ ಕಾಯುತ್ತಿದ್ದಾರೆ. ಅದು ಗೊತ್ತಿದ್ದೂ ಸುಮ್ಮನೆ ಹೂವು ಕಟ್ಟುತ್ತಾ ಕೂತಿದ್ದೆ.

೧೨ ಜೂನ್, ಮಂಗಳವಾರ

ಅಮ್ಮ ಹಿತ್ತಿಲ ಮೆಟ್ಟಿಲಲ್ಲಿ ಎಡವಿದಳು. ಕಾಲು ಎಲ್ಲಿದೆ ಅಂತಲೇ ತಿಳಿಯಲಿಲ್ಲ ಅಂದಳು. ಬೀಳಲಿಲ್ಲ.

ಬರೆಯಲು ಮನಸ್ಸಿಲ್ಲ.

೧೩ ಜೂನ್, ಬುಧವಾರ

ಲೈಬ್ರರಿಗೆ ಹೋಗಿಬರುತ್ತೇನೆ ಅಂತ ಹೇಳಿ ಮೂರನೇ ಬ್ಲಾಕಿನ ಲೇಡಿ ಡಾಕ್ಟರ ಹತ್ತಿರ ಹೋದೆ. ಬಾಗಿಲ ಮೇಲೆ ಡಾ. ಕಮಲಾದೇವಿ ಅಂತ ಬರೆದಿದೆ. ಬೋರ್ಡನ್ನು ಓದುತ್ತಾ ಎಷ್ಟೋ ಹೊತ್ತು ನಿಂತೆ. ಓದುವುದಕ್ಕೆ ಅದರಲ್ಲಿ ಇನ್ನೇನೂ ಇರಲಿಲ್ಲ. ಕಂಪೌಂಡರು "ಒಳಗೆ ಬರ್ತೀರೋ, ಬೋರ್ಡು ತಗೊಂಡು ಹೋಗ್ತೀರೋ?" ಅಂತ ಕೇಳಿದ ಮೇಲೆ ಒಳಗೆ ಹೋದೆ.

"ಏನಮ್ಮ ತೊಂದರೆ?"

"ನನಗಲ್ಲ ಡಾಕ್ಟ್ರೇ."

"ನನಗಲ್ಲ ಅಂತ ಬರೋರೆಲ್ಲ ತಮ್ಮದೇ ಹೇಳಕ್ಕೆ ನಾಚ್ಕೊಳ್ಳೋರು. ಪರವಾಗಿಲ್ಲ, ಹೇಳು."

"ನಿಜವಾಗ್ಲೂ ನನಗಲ್ಲ. ನಮ್ಮಮ್ಮಂಗೆ."

ಆಮೇಲೆ ಎಲ್ಲವನ್ನೂ ಹೇಳಿದೆ. ದೊಡ್ಡಮ್ಮ, ಜೋಮು, ಮಲ್ಲೇಶ್ವರದವರು, ಸೌಟು ಕೂಡ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾಳೆ ಬೆಳಿಗ್ಗೆ ಕರ್ಕೊಂಡು ಬಾ. ನಿಮ್ಮ ತಂದೇನೂ ಬರ್ಲಿ."

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. "ನಾಳೆ ಬೆಳಿಗ್ಗೆ ಡಾಕ್ಟ್ರು ಅಮ್ಮನ್ನ ಕರ್ಕೊಂಡು ಬರೋದಕ್ಕೆ ಹೇಳಿದಾರೆ."

"ಯಾರು ಹೋಗಿ ಕೇಳಿದ್ದು?"

"ನಾನು."

ಅಪ್ಪ ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ. "ಎಷ್ಟು ಗಂಟೆಗೆ?" ಅಂದರು, ಅಷ್ಟೆ.

೧೪ ಜೂನ್, ಗುರುವಾರ

ಡಾಕ್ಟರು ಅಮ್ಮನ ಕಾಲನ್ನು ಎತ್ತಿ, ಇಳಿಸಿ, ಪಾದಕ್ಕೆ ಪಿನ್ನು ಚುಚ್ಚಿ ನೋಡಿದರು. ಆಮೇಲೆ ಅಪ್ಪನನ್ನು ಒಳಗೆ ಕರೆದರು. ಅಪ್ಪ ಆಫೀಸಿಗೆ ಹೋಗುವ ಕೋಟು, ಟೋಪಿ ಹಾಕಿಕೊಂಡೇ ಬಂದಿದ್ದರು.

"ಮನೇಲಿ ಇನ್ಯಾರಿಗಾದ್ರೂ ಸೊಂಟದ ತೊಂದರೆ ಇದೆಯಾ ಅನಂತರಾಮು ಅವರೇ?"

"ನನಗಿದೆ. ಹೋದ ವರ್ಷ ಉಳುಕಿತ್ತು. ವಿಪರೀತ ನೋವು."

"ಯಾವಾಗ ತೋರಿಸಿದ್ರಿ?"

"ಆವತ್ತೇ."

"ಮಲಗಿದ್ರಾ?"

"ಒಂದು ವಾರ. ಡಾಕ್ಟರು ಏಳಲೇಬಾರದು ಅಂದಿದ್ರು."

"ಆ ಒಂದು ವಾರ ಬಾವಿಯಿಂದ ನೀರು ಸೇದಿದ್ದು ಯಾರು?"

ಅಪ್ಪ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅಮ್ಮ "ಅದ್ಯಾಕೆ ಈಗ" ಅಂದಳು. ಡಾಕ್ಟರು ಜಗಳದ ದನಿಯಲ್ಲೇನೂ ಕೇಳಿರಲಿಲ್ಲ. ಚೀಟಿ ಬರೆಯುತ್ತಲೇ ಅಂದರು: "ನಾನು ನೋಡ್ತಾನೇ ಇರ್ತೀನಿ. ಗಂಡಸರು ಉಳುಕಿದ ದಿನಾನೇ ಬರ್ತಾರೆ. ಹೆಂಗಸರು ಮಗಳ ಮದುವೆ ಆದ್ಮೇಲೆ ಬರ್ತಾರೆ. ಇವರು ಸ್ವಲ್ಪ ಬೇಗ ಬಂದಿದ್ದಾರೆ, ಒಳ್ಳೇದೇ ಆಯ್ತು. ನಾಳೆ ಪೇಟೇಲಿ ಎಕ್ಸ್‌ರೇ ತೆಗೆಸಿ."

೧೬ ಜೂನ್, ಶನಿವಾರ

ಎಕ್ಸ್‌ರೇ ನಿನ್ನೆ ಆಯಿತು. ಸೋಮವಾರ ನೋಡಿ ಹೇಳುತ್ತಾರಂತೆ. ಈ ನಡುವೆ ಒಂದು ಭಾನುವಾರ ಯಾಕೆ ಬರಬೇಕು?

ಅಮ್ಮ ಇವತ್ತು ನನಗೆ ಹುಳಿಪುಡಿಯ ಲೆಕ್ಕ ಹೇಳಿಕೊಟ್ಟಳು. ಕೊತ್ತಂಬರಿ ಎಷ್ಟು, ಮೆಂತ್ಯ ಎಷ್ಟು. "ಬರ್ಕೋ" ಅಂದಳು. ನಾನು ಬರೆದುಕೊಳ್ಳಲಿಲ್ಲ. ಬರೆದುಕೊಂಡರೆ ಏನನ್ನೋ ಒಪ್ಪಿಕೊಂಡ ಹಾಗೆ.

೧೮ ಜೂನ್, ಸೋಮವಾರ

ಕ್ಷಯ ಅಲ್ಲ.

ಮತ್ತೊಮ್ಮೆ ಬರೆಯುತ್ತೇನೆ. ಕ್ಷಯ ಅಲ್ಲ!

ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಮೂಳೆಗಳೆಲ್ಲ ಗಟ್ಟಿಯಾಗಿವೆ. ಕೆಳಗಡೆ ಎರಡು ಮೂಳೆಗಳ ನಡುವಿನ ಮೆತ್ತೆ ಸವೆದು ನರವನ್ನು ಒತ್ತುತ್ತಿದೆಯಂತೆ, ಜೋಮು ಅದಕ್ಕೇ. ಮೂರು ವಾರ ಹಲಗೆಯ ಮೇಲೆ ಮಲಗಬೇಕು. ಆಮೇಲೂ ಭಾರ ಎತ್ತಕೂಡದು, ನೆಲದಲ್ಲಿ ಕೂತು ಅಡುಗೆ ಮಾಡಕೂಡದು. ಸಾಯುವ ಕಾಯಿಲೆಯಲ್ಲ, ಹರಡುವ ಕಾಯಿಲೆಯಲ್ಲ. ಅಮ್ಮ "ಹಾಗಾದ್ರೆ ನನಗೆ ಆಗಿರೋದು ಏನು, ಉಳುಕಾ?" ಅಂತ ಕೇಳಿದಳು. "ಹೂಂ, ಹಳೇ ಉಳುಕು ಅಂತಲೇ ಇಟ್ಕೊಳ್ಳಿ" ಅಂದರು ಡಾಕ್ಟರು. ಅಮ್ಮನ ಮುಖ ನೋಡಬೇಕಿತ್ತು. ಬಡ್ತಿ ಸಿಕ್ಕಿದ ಹಾಗಿತ್ತು.

ಹೊರಡುವಾಗ ನಾನೊಬ್ಬಳೇ ಹಿಂದೆ ಉಳಿದು, "ತಾಯಿಗಿದ್ರೆ ಮಗಳಿಗೂ ಬರುತ್ತಾ?" ಅಂತ ಕೇಳಿದೆ.

"ನೋವು ಬರುತ್ತೋ ಇಲ್ವೋ ನನಗೆ ಗೊತ್ತಿಲ್ಲ. ನೋವಿದ್ರೂ ಬಾಯ್ಮುಚ್ಕೊಂಡಿರೋದು ಮಾತ್ರ ಬರೋದನ್ನ ನೋಡಿದೀನಿ" ಅಂದರು. ಆಮೇಲೆ ನನ್ನನ್ನು ನೋಡಿ ನಕ್ಕರು. "ನಿನಗೆ ಬಂದ ಹಾಗಿಲ್ಲ ಬಿಡು."

ಡಾಕ್ಟರಿಗೆ ನನ್ನ ಪರಿಚಯ ಅಷ್ಟಾಗಿ ಇಲ್ಲ, ಅದಕ್ಕೇ ಹಾಗಂದರು.

ಬಸ್ಸಿನಲ್ಲಿ ಬರುವಾಗ ಅಪ್ಪ ಯಾವತ್ತೂ ಇಲ್ಲದ್ದು ಸೌತ್ ಎಂಡ್ ಹತ್ತಿರ ಬಸ್ಸು ನಿಂತಿದ್ದಾಗ ಇಳಿದು ಓಡಿ ಮಾವಿನಹಣ್ಣು ತಂದರು. ರಸಪುರಿ. ಅಮ್ಮನಿಗೆ ಬುಟ್ಟಿ ಮುಟ್ಟಲೂ ಬಿಡಲಿಲ್ಲ. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು ಮನೆಯವರೆಗೂ ಅತ್ತೆ. ಇಷ್ಟು ಹಗುರವಾಗಿ ಅತ್ತ ನೆನಪಿಲ್ಲ.

೨೦ ಜೂನ್, ಬುಧವಾರ

ಬೀದಿ ಕಡೆಯ ಕೋಣೆಯಲ್ಲಿ ಬಾಗಿಲ ಹಲಗೆಯೊಂದರ ಮೇಲೆ ಕಂಬಳಿ ಹಾಸಿ ಅಮ್ಮನನ್ನು ಮಲಗಿಸಿದ್ದೇವೆ. ಅಡುಗೆ ನನ್ನದು. ನೀರು ಅಪ್ಪನದು. ನಾನು ಎರಡೂ ಮಾಡಲಾರೆ ಅಂತ ನಿನ್ನೆಯೇ ಹೇಳಿದೆ.

ಮೊದಲ ಕೊಡ ಮೇಲೆ ಬರುವಷ್ಟರಲ್ಲಿ ಅರ್ಧ ನೀರು ಬಾವಿಗೇ ವಾಪಸ್ಸಾಗಿತ್ತು. "ಈ ರಾಟೆ ಸರಿಯಿಲ್ಲ" ಅಂದರು ಅಪ್ಪ.

ಕೋಣೆಯಿಂದ ಅಮ್ಮ ಕೂಗಿದಳು. "ರಾಟೆ ಸರಿಯಾಗೇ ಇದೆ. ಹಗ್ಗ ತಡೆದು ತಡೆದು ಎಳೀರಿ. ಫೈಲಲ್ಲ ಅದು."

ಎಣ್ಣೆ ಅಂಗಡಿಯ ಗುಂಡಣ್ಣ ಬೇಲಿಯಾಚೆಯಿಂದ ನೋಡಿ "ಏನ್ ಸ್ವಾಮಿ, ಆಫೀಸಿಗೆ ರಜವಾ?" ಅಂತ ಕೇಳಿದರು. ಅಪ್ಪ "ಇಲ್ಲ, ಇದು ಓವರ್‌ಟೈಮು" ಅಂದರು. ಅಪ್ಪನಿಗೆ ತಮಾಷೆ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಅಮ್ಮ ನನ್ನನ್ನು ಹತ್ತಿರ ಕರೆದಳು. "ಹಳೇ ಉಳುಕು ಅಂತ ಡಾಕ್ಟ್ರೇ ಹೇಳಿದಾರಲ್ಲ. ಮುಟ್ಟಿಸೇ ಒಂದು ಸಲ."

ಹೆತ್ತ ತಾಯಿಯನ್ನು ಕಾಲಲ್ಲಿ! ಅವಳು ಆಗಲೇ ಮಗ್ಗುಲಾಗಿ ಬೆನ್ನು ತಿರುಗಿಸಿದ್ದಳು. ಎಡಗಾಲನ್ನು ತೊಳೆದು ಒರೆಸಿಕೊಂಡು ಬಂದು ಮೂರು ಸಲ ಮುಟ್ಟಿದೆ. ಸೀರೆಯ ಮೇಲಿಂದಲೂ ಅಮ್ಮನ ಮೈ ಬೆಚ್ಚಗಿತ್ತು.

"ಏನನ್ನಿಸಿತಮ್ಮ?"

"ಗುಣ ಏನೂ ಕಾಣ್ಲಿಲ್ಲ," ಅಂದಳು. ಮತ್ತೆ ಬೆನ್ನು ತಿರುಗಿಸಿಕೊಂಡೇ, "ಇನ್ನೊಂದ್ಸಲ ಮುಟ್ಟಿಸು."

೨೨ ಜೂನ್, ಶುಕ್ರವಾರ

ಇವತ್ತು ಅಮ್ಮನ ಎಡಗಾಲಿನ ಬೆರಳುಗಳಿಗೆ ಸ್ಪರ್ಶ ಸ್ವಲ್ಪ ತಿಳಿಯುತ್ತಿದೆ. ನಾನು ಹಕ್ಕಿಗರಿಯಿಂದ ಕಚಗುಳಿ ಇಟ್ಟು ಪರೀಕ್ಷೆ ಮಾಡಿದೆ. ಕಿರುಬೆರಳು ಇನ್ನೂ ಮೊಂಡು ಹಿಡಿದಿದೆ.

ಸಂಜೆ ಅಪ್ಪ, ಮಾಮ ಸೇರಿ ಭಾನುವಾರದ ಏರ್ಪಾಟು ಮಾತಾಡಿದರು. ಅಮ್ಮನನ್ನು ಹಲಗೆಯ ಸಮೇತ ಹಿತ್ತಿಲ ಕಡೆಯ ಸಾಮಾನಿನ ಕೋಣೆಗೆ ಸಾಗಿಸಿ ಬಾಗಿಲು ಹಾಕುವುದು. ಕೇಳಿದರೆ ತೌರಿಗೆ ಹೋಗಿದ್ದಾಳೆ ಅನ್ನುವುದು.

"ಕ್ಷಯ ಅಲ್ವಲ್ಲ ಭಾವ, ಇನ್ನೇಕೆ ಮುಚ್ಚಿಡೋದು?" ಅಂದರು ಮಾಮ.

"ಮಲಗಿರೋ ಹೆಂಗಸನ್ನ ನೋಡಿದ್ರೆ ಜನ ತಮಗೆ ಬೇಕಾದ್ದು ಅಂದ್ಕೋತಾರೆ. ಒಬ್ಬೊಬ್ಬರಿಗೂ ಎಕ್ಸ್‌ರೇ ತೋರಿಸಕ್ಕಾಗುತ್ತಾ? ತಾಯಿ ಸೊಂಟ ಹೀಗಿದ್ರೆ ಮಗಳದ್ದೂ ಹೀಗೇ ಅಂತಾರೆ. ಎರಡು ಗಂಟೆ ಹೊತ್ತು, ಅಷ್ಟೆ."

ಅಪ್ಪ ಕೆಟ್ಟವರಲ್ಲ. ಹೇಳುವಾಗ ಅಂಗೈಯ ಬೊಬ್ಬೆಗಳನ್ನು ನೋಡಿಕೊಳ್ಳುತ್ತಿದ್ದರು. ಹಗ್ಗ ಎಳೆದು ಆದವು. ಅಮ್ಮನೂ ಒಪ್ಪಿದ್ದಾಳೆ. ಕೆಮ್ಮು ಬಂದರೆ ತಡೆದುಕೊಳ್ಳುತ್ತೇನೆ ಅಂದಳು.

ನಾನು ಏನೂ ಅನ್ನಲಿಲ್ಲ. ಜಮಖಾನ ಹಾಸುವುದು, ಬಂದವರನ್ನು ಕೂರಿಸುವುದು, ಕಾಫಿ ಕೊಡುವುದು ಹೇಗೂ ನನ್ನ ಕೆಲಸ.

ಅಮ್ಮನ ನೀಲಿ ಅಂಚಿನ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಗಾಳಿಗೆ ಹಾಕಿದ್ದೇನೆ. "ಅದ್ಯಾಕೆ ಈಗ?" ಅಂತ ಕೇಳಿದಳು. "ನುಸಿಗುಳಿಗೆ ವಾಸನೆ ಹೋಗ್ಲಿ ಅಂತ" ಅಂದೆ. ಭಾನುವಾರ ಬೆಳಿಗ್ಗೆ ಅದನ್ನು ಉಡಿಸಿ, ತಲೆ ಬಾಚಿ, ಹೂವು ಮುಡಿಸುತ್ತೇನೆ. ಹಲಗೆಯನ್ನು ಬೀದಿ ಕಡೆಯ ಕೋಣೆಯಿಂದ ಕದಲಿಸಲು ಬಿಡುವುದಿಲ್ಲ. ಆ ಕಿವಿ ಅಗಲದ ಹುಡುಗ ಎದ್ದು ಹೋದರೆ ನನಗೆ ಬೇಜಾರಾಗುತ್ತದೆ. ಆಗುವುದಿಲ್ಲ ಅಂತ ಸುಳ್ಳು ಬರೆಯಲಾರೆ. ಆದರೂ ಜಮಖಾನವನ್ನು ಹಜಾರದಲ್ಲಿ ಹಾಸುವುದಿಲ್ಲ. ಅಮ್ಮನ ಕೋಣೆಯಲ್ಲಿ, ಅವಳ ಹಲಗೆಯ ಪಕ್ಕದಲ್ಲೇ ಹಾಸುತ್ತೇನೆ.